ಪವಳಮ್ಮನಿಗೆ ಸೀರಿಯಸ್ಸು

ಕೆ.ಜಿ.ಎಫ್.ನಲ್ಲಿ ಉಪ್ಪು ನೀರು ಎಂದರೆ ಬೋರ್‌ವೆಲ್ ನೀರು, ಸಿಹಿ ನೀರು ಎಂದರೆ ಕುಡಿಯುವ ನೀರು. ಅಲ್ಲಿನ ಮೈಸೂರು ಮೈನ್ಸ್ ಬಡಾವಣೆಯಲ್ಲಿ ಇದು ಆಗತಾನೇ ಮಾತು ಕಲಿತ ಮಗುವಿಗೂ ಗೊತ್ತು. ಹದಿನಾಲ್ಕು ವರ್ಷಗಳಿಂದ ಇದೇ ಊರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಇದೇ ನೀರಿನಲ್ಲಿ ಸ್ನಾನ ಮಾಡಿ ಅರ್ಧ ತಲೆ ಬೋಳಾಗಿಸಿಕೊಂಡಿದ್ದ ಚೆನ್ನಕೇಶವನಿಗೂ ಗೊತ್ತಿತ್ತು. ಗೊತ್ತಿದ್ದೂ ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಹಿಡಿದುಕೊಂಡ ಸೊಂಟದ ಮೇಲೆ ಕೈಯಿಟ್ಟು, ಪಕ್ಕದ ಮನೆಯ ಪಾಪಕ್ಕನಿಗೆ, "ಪಾಪಕ್ಕಾ, ಒಂದು ಉಪಕಾರ ಮಾಡಿ. ಆ ಉಪ್ಪು ನೀರು ಎರಡು ಬಕೆಟ್ ತೊಟ್ಟಿಗೆ ಸುರಿದುಬಿಡಿ," ಎಂದು ಕೂಗಿ ಹೇಳಿ ಸ್ನಾನಕ್ಕೆ ಹೋದ. ಇಂಥವನಿಗೆ ಏನು ಹೇಳೋಣ?

ಅವನು ಹೇಳಿದ್ದು ಮೆಟ್ಟಿಲ ಕೆಳಗಿನ ನೀಲಿ ಡ್ರಮ್ಮಿನ ನೀರನ್ನು. ಅದರಲ್ಲಿ ಬೆಂಗಳೂರಿನಿಂದ ತರಿಸಿದ ಸಮುದ್ರದ ಉಪ್ಪನ್ನು ತೂಕ ಹಾಕಿ ಕರಗಿಸಿ ಇಟ್ಟಿದ್ದ. ಪಾಪಕ್ಕ ಊರಿಗೆಲ್ಲ ಗೊತ್ತಿದ್ದ ಉಪ್ಪು ನೀರನ್ನೇ ನಲ್ಲಿಯಿಂದ ಹಿಡಿದು ತಂದು, ಎರಡರ ಜೊತೆಗೆ ಪ್ರೀತಿಯಿಂದ ಮೂರನೆಯ ಬಕೆಟ್ಟನ್ನೂ ಸುರಿದಳು.

ತೊಟ್ಟಿ ಎಂದರೆ ಹಜಾರದ ಮೂಲೆಯಲ್ಲಿದ್ದ ಮೂರಡಿಯ ಗಾಜಿನ ಪೆಟ್ಟಿಗೆ. ಚೆನ್ನಕೇಶವ ತಿಪಟೂರಿನ ಕಡೆಯವನು. ಸಮುದ್ರವನ್ನು ಜೀವನದಲ್ಲಿ ಎರಡೇ ಸಲ ನೋಡಿದ್ದ. ಎರಡನೆಯ ಸಲ ರಾಮೇಶ್ವರದಲ್ಲಿ ನೋಡಿ ಬಂದವನು, ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಈ ಊರಿನಲ್ಲಿ ಮನೆಯೊಳಗೊಂದು ಸಮುದ್ರ ಇಡುತ್ತೇನೆಂದು ಹಟ ಹಿಡಿದ. ಎಲ್ಲರೂ ನಕ್ಕರು. ನಕ್ಕಷ್ಟೂ ಅವನ ಹಟ ಜಾಸ್ತಿಯಾಯಿತು. ಮೊದಲು ತಂದ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಆಮೇಲೆ ತಂದ ಹವಳ ಮಾತ್ರ ಉಳಿಯಿತು. ಉಂಗುರಕ್ಕೆ ಹಾಕುವ ಕಲ್ಲಿನಂಥ ಹವಳವಲ್ಲ. ಇದು ಮೆದು ಹವಳ, ಜೀವ ಇರುವಂಥದ್ದು. ಅಂಗೈಯಗಲದ ಅಣಬೆಯ ಹಾಗೆ ಇತ್ತು. ಖುಷಿಯಾಗಿದ್ದರೆ ಅದರ ತಲೆಯ ತುಂಬ ನೂರಾರು ಎಳೆ ಬೆರಳುಗಳು ಅರಳಿ ನೀರಿನಲ್ಲಿ ತೂಗುತ್ತಿದ್ದವು. ಕೆಲಸ ಮುಗಿಸಿ ಬಂದು ಅದರ ಮುಂದೆ ಕಾಲು ಚಾಚಿ ಕೂತರೆ ಅವನಿಗೆ ಸುಖವಾಗುತ್ತಿತ್ತು. ಅಷ್ಟು ಸುಖ ಅವನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಹೆಂಡತಿ ಕಲ್ಪನಳಿಗೆ ಆ ಮೂಲೆ ಬೇಕಾಗಿತ್ತು. ಅವಳ ತಾಯಿ ಕಾಂತಮ್ಮ ಬಂಗಾರಪೇಟೆಯಲ್ಲಿ ಮಗನ ಮನೆಯಲ್ಲಿದ್ದು, ವಾರಕ್ಕೆ ಮೂರು ಸಲ ಸೊಸೆಯೊಂದಿಗೆ ಜಗಳವಾಡಿ, ಮೂರು ಸಲವೂ ಮಗಳಿಗೆ ಫೋನ್ ಮಾಡುತ್ತಿದ್ದಳು. ಕಡೆಗೆ ಗಂಡ ಹೆಂಡತಿಯ ನಡುವೆ ಒಂದು ಒಪ್ಪಂದವಾಗಿತ್ತು. "ಈ ಅಣಬೆ ಬದುಕಿರೋವರೆಗೂ ತೊಟ್ಟಿ ಇರಲಿ. ಇದೂ ಸತ್ತ ದಿನ ತೊಟ್ಟಿ ಆಚೆಗೆ, ನಮ್ಮಮ್ಮನ ಮಂಚ ಒಳಗೆ. ಆಮೇಲೆ ಒಂದು ಮಾತಾಡ್ಬಾರ್ದು," ಎಂದು ಕಲ್ಪನ ಹೇಳಿದ್ದಳು. ಚೆನ್ನಕೇಶವ ಎದೆ ತಟ್ಟಿ ಒಪ್ಪಿದ್ದ. ಅತ್ತೆ ಹಿಂದೊಮ್ಮೆ ಹದಿನೈದು ದಿನಕ್ಕೆಂದು ಬಂದು, ಅವನು ಹಲ್ಲುಜ್ಜುವ ರೀತಿಯನ್ನೂ ಬದಲಾಯಿಸಿ ಹೋಗಿದ್ದಳು. ಅದು ಅವನಿಗೆ ಇನ್ನೂ ನೆನಪಿತ್ತು.

ಸ್ನಾನ ಮುಗಿಸಿ ಬಂದು ನೋಡಿದರೆ ಹವಳ ಮುದುರಿಕೊಂಡಿತ್ತು. ಒಂದೇ ಒಂದು ಬೆರಳು ಆಚೆಗಿಲ್ಲ. ಮೈಮೇಲೆ ಲೋಳೆ. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಉಪ್ಪಳೆಯುವ ಮಾಪಕ ಅದ್ದಿ ನೋಡಿದ. ಮುಳ್ಳು ಇರಬೇಕಾದ ಕಡೆ ಇರಲಿಲ್ಲ. ನೀಲಿ ಡ್ರಮ್ಮಿನ ಮುಚ್ಚಳ ತೆಗೆದ. ನೀರು ಇದ್ದಷ್ಟೇ ಇತ್ತು.

"ಪಾಪಕ್ಕಾ! ಯಾವ ನೀರು ಹಾಕಿದ್ರಿ?"

"ಉಪ್ಪು ನೀರು ಕಣಪ್ಪಾ. ನೀನೇ ಅಂದ್ಯಲ್ಲ."

"ಈ ಡ್ರಮ್ಮಿಂದು ಉಪ್ಪು ನೀರು!"

"ಅದು ಎಂಗೆ ಉಪ್ಪು ನೀರಾಯ್ತದೆ? ಬೆಳ್ಳಗೆ ಸಿಹಿ ನೀರಿದ್ದಂಗೈತೆ. ಒಳ್ಳೇ ನೀರು ಯಾಕೆ ದಂಡ ಮಾಡಾದು ಅಂತ ಬುಟ್ಟೆ."

ಪಾಪಕ್ಕ ಕಾಮಸಮುದ್ರದ ಕಡೆಯಿಂದ ಮದುವೆಯಾಗಿ ಬಂದ ಅರವತ್ತೈದರ ವಿಧವೆ. ಬೀದಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಅವಳಿಲ್ಲದೆ ಆಗುತ್ತಿರಲಿಲ್ಲ. ಚೆನ್ನಕೇಶವನ ಮುಖ ನೋಡಿ ಅವಳಿಗೂ ಸಂಕಟವಾಯಿತು. "ಸತ್ತೋಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಸಾಯೋಕೆ ಬಿಡಲ್ಲ!" ಎಂದ ಚೆನ್ನಕೇಶವ. ಇಂಥ ಸಮಯದಲ್ಲಿ ಅವನ ಧ್ವನಿ ಎರಡು ಪಟ್ಟಾಗುತ್ತಿತ್ತು.

ಹವಳ ಮಾರಿದ ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿದ. ಅವನು ನಿದ್ದೆಗಣ್ಣಿನಲ್ಲೇ ಚಿಕಿತ್ಸೆ ಹೇಳಿದ. ಗಟ್ಟಿಯಾದ ಸಮುದ್ರದ ಉಪ್ಪು ನೀರನ್ನು ಅರ್ಧ ಗಂಟೆಗೊಂದು ಮಗ್ಗಿನಂತೆ ಸಂಜೆಯವರೆಗೆ ಸೇರಿಸುತ್ತ ಹೋಗಬೇಕು. ಒಂದೇ ಸಲಕ್ಕೆ ಸುರಿದರೂ ಸಾಯುತ್ತದೆ, ಒಂದು ಮಗ್ಗು ತಪ್ಪಿಸಿದರೂ ಸಾಯುತ್ತದೆ. ನಡುವೆ ಅದನ್ನು ಹೊರಗೆ ತೆಗೆದು ಅಯೋಡಿನ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಬೇಕು. ಕೊಳೆತ ಭಾಗವಿದ್ದರೆ ಹೊಸ ಬ್ಲೇಡಿನಿಂದ ಕತ್ತರಿಸಿ ಎಸೆಯಬೇಕು.

ಕಲ್ಪನ ಬೆಳಗಿನ ರೈಲು ಹಿಡಿದು ತಾಯಿಯನ್ನು ನೋಡಲು ಬಂಗಾರಪೇಟೆಗೆ ಹೋಗಿದ್ದಳು. ಸಂಜೆ ಬರುತ್ತಾಳೆ. ಅಷ್ಟರೊಳಗೆ ಹವಳ ಕಣ್ಣು ಬಿಡಬೇಕು. ಅಂದರೆ ಇವನು ಇಡೀ ದಿನ ಮನೆಯಲ್ಲಿರಬೇಕು. ಆದರೆ ತಿಂಗಳ ಕೊನೆ, ಮಾಲು ಕಳಿಸುವ ಗಡಿಬಿಡಿ, ಎಲ್ಲರ ರಜಾ ರದ್ದು.

ಅವನ ಸೆಕ್ಷನ್ನಿನ ಸಾಹೇಬರು ಸೆಲ್ವರಾಜ್. ಅಪ್ಪ, ತಾತ ಇಬ್ಬರೂ ಚಿನ್ನದ ಗಣಿಗೆ ಇಳಿದವರು. ಇವರು ಮೇಲೆಯೇ ಇದ್ದರೂ ಗಣಿಯ ಒಳಗಿನ ಮನುಷ್ಯನ ಹಾಗೆ ಮಾತು ಕಡಿಮೆ, ಮುಖದಲ್ಲಿ ಬೆಳಕು ಕಡಿಮೆ. ಅವರ ಹತ್ತಿರ ರಜಾ ಕೇಳುವುದೆಂದರೆ ಎಲ್ಲರಿಗೂ ಬಾಯಿ ಒಣಗುತ್ತಿತ್ತು. ಚೆನ್ನಕೇಶವ ನನಗೇ ಜ್ವರ ಎಂದು ಹೇಳುವುದೆಂದು ತೀರ್ಮಾನಿಸಿ, ನಾಲ್ಕು ಸಲ ಕೆಮ್ಮಿ ಅಭ್ಯಾಸ ಮಾಡಿಕೊಂಡು ಫೋನ್ ಮಾಡಿದ.

"ಎನ್ನ?" ಏನು ಎಂದು ತಮಿಳಿನಲ್ಲಿ ಕೇಳಿದರು ಸೆಲ್ವರಾಜ್.

ಆ ಒಂದೇ ಮಾತಿಗೆ ಅವನ ಜ್ವರ, ಕೆಮ್ಮು ಎರಡೂ ವಾಸಿಯಾಗಿ ನಿಜ ಬಾಯಿಗೆ ಬಂತು. ಅದೂ ಸಾಹೇಬರನ್ನು ಒಲಿಸಿಕೊಳ್ಳಲು ಅವನು ಬಳಸುತ್ತಿದ್ದ ಅರೆಬರೆ ತಮಿಳಿನಲ್ಲಿ ಬಂತು. ಹವಳಕ್ಕೆ ತಮಿಳಿನಲ್ಲಿ ಪವಳಂ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು.

"ಸಾರ್, ಪವಳಂ ಸೀರಿಯಸ್ ಸಾರ್."

"ಪವಳಮಾ? ಏನಾಯ್ತು?"

"ನೀರು ಒಗ್ಗಲಿಲ್ಲ ಸಾರ್. ಮೈಯೆಲ್ಲಾ ಮುದುರಿಕೊಂಡಿದೆ. ಅರ್ಧ ಗಂಟೆಗೊಂದು ಸಲ ನೋಡ್ಕೋಬೇಕು. ಮನೇಲಿ ಬೇರೆ ಯಾರೂ ಇಲ್ಲ."

ಚೆನ್ನಕೇಶವ ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದ.

"ಸರಿ, ಪಾತ್ತುಕ್ಕೋ, ಚೆನ್ನಾಗಿ ನೋಡ್ಕೊಳ್ಳಿ. ಜೀವ ಅಂದ್ಮೇಲೆ ಜೀವ. ರಜಾ ತಗೊಳ್ಳಿ," ಎಂದು ಸೆಲ್ವರಾಜ್ ಫೋನ್ ಇಟ್ಟರು.

ಚೆನ್ನಕೇಶವನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಮನುಷ್ಯನನ್ನು ಬೆನ್ನ ಹಿಂದೆ ಬೈದೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು. ಮೊದಲ ಮಗ್ಗು ಉಪ್ಪು ನೀರನ್ನು ಭಕ್ತಿಯಿಂದ ತೊಟ್ಟಿಗೆ ಇಳಿಸಿದ.

ಎಂಟೂವರೆಗೆ ಮುನೀಂದ್ರನ ಫೋನ್ ಬಂತು. ಸೆಲ್ವರಾಜರ ಕೋಣೆಯ ಹೊರಗಿನ ಮೇಜಿನಲ್ಲಿ ಹಾಜರಿ ಬರೆಯುವವನು ಅವನು. ಹಾಜರಿಗಿಂತ ಸುದ್ದಿಯನ್ನು ಹೆಚ್ಚು ಶ್ರದ್ಧೆಯಿಂದ ಹಂಚುವವನು.

"ಚೆನ್ನಣ್ಣಾ, ನಿಮ್ಮತ್ತೆಗೆ ಎಂಗೈತೆ ಈಗ?"

"ಯಾವ ಅತ್ತೆ?"

"ಅದೇ ಪವಳಮ್ಮನೋರು! ಸಾರು ಫೋನಿಟ್ಟು 'ಪಾಪ, ಪವಳಂ ಸೀರಿಯಸ್ಸಂತೆ' ಅಂದ್ರು. ಯಾರು ಸಾರ್ ಅಂದೆ. 'ಚೆನ್ನಕೇಶವ್ ಮನೇದು' ಅಂದ್ರು. ನಿಮ್ಮತ್ತೇನೇ ಇರ್ಬೇಕು ಅಂದ್ಕೊಂಡೆ. ಅಲ್ವಾ?"

ಚೆನ್ನಕೇಶವ ಮಗ್ಗನ್ನು ಕೆಳಗಿಟ್ಟ. ಹಾಗಾದರೆ ಸಾಹೇಬರು ರಜಾ ಕೊಟ್ಟಿದ್ದು ಹವಳಕ್ಕಲ್ಲ, ಯಾರೋ ಪವಳಮ್ಮನಿಗೆ! ಈ ಊರಿನಲ್ಲಿ ಬೀದಿಗೊಬ್ಬಳು ಪವಳಮ್ಮ ಇದ್ದೇ ಇರುತ್ತಾಳೆ. ಅಲ್ಲ ಎಂದರೆ ಈ ಕ್ಷಣ ಕೆಲಸಕ್ಕೆ ಓಡಬೇಕು. ಓಡಿದರೆ ಹವಳ ಸಾಯುತ್ತದೆ. ಹವಳ ಸತ್ತರೆ ಮಂಚ ಬರುತ್ತದೆ. ಅವನು ತೊಟ್ಟಿಯೊಳಗೆ ತಲೆ ವಾಲಿಸಿಕೊಂಡಿದ್ದ ಹವಳವನ್ನು ನೋಡಿದ. ಹೊಟ್ಟೆಯೊಳಗಿಂದ ಹಟ ಎದ್ದು ಬಂತು. ಒಂದಲ್ಲ, ಹತ್ತು ಪವಳಮ್ಮಂದಿರನ್ನು ಹುಟ್ಟಿಸಿದರೂ ಸರಿ, ಇವತ್ತು ಇಲ್ಲಿಂದ ಕದಲುವುದಿಲ್ಲ!

"ಹೌದು ಕಣೋ. ಅತ್ತೇನೇ," ಎಂದ.

ಹತ್ತು ಗಂಟೆಗೆ ಎರಡು ಮಗ್ಗುಗಳ ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ಸ್ಕೂಟರ್ ಹತ್ತಿ ಚಲಪತಿಯ ಮೆಡಿಕಲ್ ಶಾಪಿಗೆ ಹೋದ. ಚಲಪತಿಗೆ ರೋಗಿ ಯಾರೆಂದು ತಿಳಿಯದೆ ಮದ್ದು ಕೊಟ್ಟು ಅಭ್ಯಾಸವಿಲ್ಲ.

"ಅಯೋಡಿನ್ ಯಾರಿಗೆ?"

"ಅತ್ತೆಗೆ," ಎಂದ ಚೆನ್ನಕೇಶವ. ಸುಳ್ಳು ಆಗಲೇ ರೂಢಿಯಾಗಿತ್ತು.

"ಗಾಯಾನಾ?"

"ಗಾಯ ಇಲ್ಲ. ಮೈಯೆಲ್ಲಾ ತೊಳೀಬೇಕು."

ಮೈ ತೊಳೆಯುವುದಕ್ಕೆ ಎಂದ ಮೇಲೆ ಚಲಪತಿ, ಆಪರೇಷನ್ ಮಾಡುವ ಡಾಕ್ಟರುಗಳು ಕೈ ತೊಳೆದುಕೊಳ್ಳುವ ಕಂದು ಬಣ್ಣದ ದೊಡ್ಡ ಬಾಟಲಿ ಕೊಟ್ಟು ಕಳಿಸಿದ. ಅದರಲ್ಲಿ ಅಯೋಡಿನ್ ಜೊತೆಗೆ ಸೋಪೂ ಇತ್ತು. ಬಾಟಲಿಯ ಮೇಲೆ ಬರೆದದ್ದನ್ನು ಓದುವಷ್ಟು ವ್ಯವಧಾನ ಚೆನ್ನಕೇಶವನಿಗೆ ಇರಲಿಲ್ಲ.

ಮನೆಗೆ ಬಂದು ಬೇಸಿನ್ನಿಗೆ ಸಮುದ್ರದ ನೀರು ಹಾಕಿ, ಮದ್ದು ಬೆರೆಸಿ ಕೈಯಾಡಿಸಿದ. ನೊರೆ ಬಂತು. ಇನ್ನಷ್ಟು ಆಡಿಸಿದ. ಇನ್ನಷ್ಟು ನೊರೆ ಬಂತು. ಹವಳವನ್ನು ಇನ್ನೇನು ಅದ್ದಬೇಕು, ನೊರೆ ಬೇಸಿನ್ ದಾಟಿ ಅವನ ಪಂಚೆಯನ್ನು ಮುಟ್ಟಿತು. ಮೂಗಿಗೆ ಸೋಪಿನ ವಾಸನೆ ಬಡಿಯಿತು. "ಅಯ್ಯೋ ಚಲಪತೀ!" ಎಂದು ಕಿರುಚಿ ಹವಳವನ್ನು ಮತ್ತೆ ತೊಟ್ಟಿಗೆ ಸೇರಿಸಿದ. ಅವನು ಬಾಟಲಿ ಬದಲಾಯಿಸಲು ಓಡಿಹೋಗಿ ಬರುವಷ್ಟರಲ್ಲಿ ಪಾಪಕ್ಕ, "ಇಷ್ಟು ಸೋಪು ದಂಡ ಆಗ್ಬಾರ್ದು," ಎಂದು ತನ್ನ ಮನೆಯ ಬಟ್ಟೆಯನ್ನೆಲ್ಲ ತಂದು ಆ ಬೇಸಿನ್ನಿನಲ್ಲಿ ಕುಕ್ಕಿದ್ದಳು. ಎರಡು ಬಿಳಿ ಸೀರೆ, ನಾಲ್ಕು ದಿಂಬಿನ ಚೀಲ, ಮೊಣಕೈವರೆಗೆ ಅವಳ ಎರಡು ಕೈ, ಎಲ್ಲವೂ ಕೆಟ್ಟ ಅರಿಶಿನದ ಬಣ್ಣಕ್ಕೆ ತಿರುಗಿದ್ದವು.

ಈ ಸಲ ಸರಿಯಾದ ಮದ್ದು ಸಿಕ್ಕಿತ್ತು. ಹನಿ ಎಣಿಸಿ ಹಾಕಿದ. ಗಡಿಯಾರ ನೋಡುತ್ತ ಹತ್ತು ನಿಮಿಷ ಹವಳವನ್ನು ಮುಳುಗಿಸಿದ. ಲೋಳೆ ತೊಳೆದುಹೋಯಿತು. ಕೊಳೆತ ಜಾಗ ಎಲ್ಲೂ ಕಾಣಲಿಲ್ಲ. ಆದರೂ ಇರಲೆಂದು ಬ್ಲೇಡನ್ನು ಪಕ್ಕದಲ್ಲೇ ಇಟ್ಟುಕೊಂಡು, ಬೆಂಗಳೂರಿನವನು ಹೇಳಿದ್ದನ್ನು ಬಾಯಲ್ಲೇ ಗುಣುಗುತ್ತ ಕೂತಿದ್ದಾಗ ಮುನೀಂದ್ರ ಮತ್ತೆ ಫೋನ್ ಮಾಡಿದ.

"ಅಣ್ಣಾ, ಊಟ ಗೀಟ ಮಾಡುದ್ರಾ?"

ಕೇಳಿದ್ದು ಅತ್ತೆಯ ಬಗ್ಗೆ. ಚೆನ್ನಕೇಶವನ ಕಣ್ಣೆಲ್ಲ ತೊಟ್ಟಿಗೆ ವಾಪಸ್ಸಾಗಿದ್ದ ಹವಳದ ಮೇಲಿತ್ತು.

"ಇಲ್ಲ ಕಣೋ, ಬಾಯೇ ಬಿಟ್ಟಿಲ್ಲ. ಈಗ ತಾನೇ ಹತ್ತು ನಿಮಿಷ ನೀರಲ್ಲಿ ಮುಳುಗಿಸಿಟ್ಟಿದ್ದೆ."

"ಮುಳುಗ್ಸಿದ್ರಾ? ತಲೆ ಮೇಲೆ ನೀರ್ ಆಕುದ್ರಾ?"

"ತಲೆ ಸಮೇತ. ಪೂರ್ತಿ ಮುಳುಗಬೇಕು. ಇಲ್ಲಾಂದ್ರೆ ಪ್ರಯೋಜನ ಇಲ್ಲ. ಇಷ್ಟಕ್ಕೂ ಸರಿಹೋಗದಿದ್ರೆ ಬ್ಲೇಡಲ್ಲಿ ತಲೆ ಕತ್ತರಿಸಿಬಿಡ್ತೀನಿ. ಬುಡ ಇದ್ರೆ ಸಾಕು, ತಲೆ ಮತ್ತೆ ಬೆಳೆಯುತ್ತೆ."

"ಅಣ್ಣಾ," ಎಂದ ಮುನೀಂದ್ರ ನಡುಗುವ ದನಿಯಲ್ಲಿ, "ನೀವು ಏನೂ ಮಾಡ್ಬೇಡಿ. ಬ್ಲೇಡ್ ಕೆಳಕ್ಕಿಡಿ. ನಾವೆಲ್ಲಾ ಸಾಯಂಕಾಲ ಬತ್ತಾ ಇದೀವಿ. ಸಾರೂ ಬತ್ತಾರೆ. 'ನಾನೇ ಓಗಿ ನೋಡ್ಬೇಕು' ಅಂತ ಬೆಳಿಗ್ಗೆಯಿಂದ ಅಂತಾವ್ರೆ."

ಚೆನ್ನಕೇಶವನಿಗೆ ಕೂತಲ್ಲೇ ಬೆವರು ಬಂತು. ಸೆಲ್ವರಾಜ್ ಬಂದು ಪವಳಮ್ಮ ಎಲ್ಲಿ ಎಂದರೆ ಯಾರನ್ನು ತೋರಿಸುವುದು? ಅವನು ಸುತ್ತ ನೋಡಿದ. ಅಂಗಳದಲ್ಲಿ ಪಾಪಕ್ಕ ಹಳದಿ ಸೀರೆಗಳನ್ನು ಒಣಹಾಕುತ್ತಿದ್ದಳು.

"ಪಾಪಕ್ಕಾ, ತಪ್ಪು ನೀರು ಹಾಕಿದ್ದು ನೀವು ತಾನೇ?"

"ಅದಕ್ಕೇನೀಗ?"

"ಸಂಜೆ ಒಂದರ್ಧ ಗಂಟೆ ಹಜಾರದಲ್ಲಿರೋ ನಮ್ಮ ಮಂಚದ ಮೇಲೆ ಮಲಗಿ. ಏನೂ ಮಾತಾಡ್ಬೇಡಿ. ನಿಮ್ಮ ಹೆಸರು ಪವಳಮ್ಮ. ಹುಷಾರಿಲ್ಲ, ಅಷ್ಟೇ."

ಪಾಪಕ್ಕ ಸ್ವಲ್ಪ ಯೋಚಿಸಿದಳು. "ಬರೋರು ಅಣ್ಣು ಗಿಣ್ಣು ತತ್ತಾರಾ?"

"ತರ್ತಾರೆ."

"ಅಂಗಾದ್ರೆ ಮನಿಕ್ಕೊತ್ತೀನಿ ಬುಡು."

ಮಧ್ಯಾಹ್ನ ಅರ್ಧ ಗಂಟೆಗೊಂದರಂತೆ ಮಗ್ಗು ನೀರು ಇಳಿಯಿತು. ಮಾಪಕದ ಮುಳ್ಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೇರಿತು. ನಾಲ್ಕು ಗಂಟೆಗೆ ಹವಳದ ತಲೆ ನೆಟ್ಟಗಾಯಿತು. ನಾಲ್ಕೂವರೆಗೆ, ಅಂಚಿನಲ್ಲಿ, ಒಂದು ಬೆರಳು ಮೆಲ್ಲಗೆ ಆಚೆ ಬಂತು. ಆಮೇಲೆ ಇನ್ನೊಂದು. ಚೆನ್ನಕೇಶವ ಗಾಜಿಗೆ ಹಣೆ ಒತ್ತಿಕೊಂಡು ನಿಂತ. ಮಕ್ಕಳಿಲ್ಲದ ಆ ಮನುಷ್ಯ ಹೆರಿಗೆಯ ವಾರ್ಡಿನ ಹೊರಗೆ ನಿಂತ ತಂದೆಯ ಹಾಗೆ ಅತ್ತ. ಇನ್ನು ಎರಡು ಮಗ್ಗು ಬಾಕಿ ಇತ್ತು. ಐದು ಗಂಟೆಗೊಂದು, ಐದೂವರೆಗೊಂದು.

ಐದಕ್ಕೆ ಐದು ನಿಮಿಷ ಇರುವಾಗ ಕಾರ್ಖಾನೆಯ ವ್ಯಾನು ಬಾಗಿಲಿಗೆ ಬಂದು ನಿಂತಿತು.

ಅವನು ತೊಟ್ಟಿಯ ದೀಪ ಆರಿಸಿ, ಮೇಲೆ ಬೆಡ್‌ಶೀಟ್ ಎಳೆದ. ಪಾಪಕ್ಕ ಮಂಚಕ್ಕೆ ಹಾರಿ ಕಂಬಳಿ ಹೊದ್ದಳು. ಮುನೀಂದ್ರನ ಹಿಂದೆ ಸೆಕ್ಷನ್ನಿನ ಆರೇಳು ಜನ ಬ್ರೆಡ್ಡು, ಮೂಸಂಬಿ, ಹಾರ್ಲಿಕ್ಸ್ ಬಾಟಲಿ ಹಿಡಿದು ಸಾಲಾಗಿ ಒಳಬಂದರು. ಎಲ್ಲರ ಹಿಂದೆ ಸೆಲ್ವರಾಜ್. ಅವರ ಕೈಯಲ್ಲಿ ಹಣ್ಣಿರಲಿಲ್ಲ, ಒಂದು ಚಿಕ್ಕ ಟಾರ್ಚು ಮಾತ್ರ ಇತ್ತು.

ಮುನೀಂದ್ರ ಮೊದಲು ನೋಡಿದ್ದು ರೋಗಿಯ ಕುತ್ತಿಗೆಯನ್ನು. ಅದು ಇನ್ನೂ ಇತ್ತು. ಅವನು ನಿಟ್ಟುಸಿರು ಬಿಟ್ಟ. ಆಮೇಲೆ ಕಂಬಳಿಯಿಂದ ಹೊರಗೆ ಇಳಿಬಿದ್ದಿದ್ದ ಕೈ ನೋಡಿ, "ಅಯ್ಯಪ್ಪಾ, ಕಾಮಾಲೆ ಮೊಣಕೈಗಂಟ ಏರ್ಬುಟ್ಟೈತೆ!" ಎಂದ. ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

ಸುಮ್ಮನಿರಬೇಕೆಂದು ಪಾಪಕ್ಕನಿಗೆ ಹೇಳಿದ್ದು ವ್ಯರ್ಥವಾಗಿತ್ತು. "ಅಮ್ಮಾ... ನಾನಿನ್ನು ಉಳ್ಯಾಕಿಲ್ಲ ಕಣಪ್ಪಾ... ಆ ಮೂಸಂಬಿ ಇಲ್ಲಿಕ್ಕು..." ಎಂದು ಅವಳು ನರಳಿದಳು.

ಸೆಲ್ವರಾಜ್ ಮಂಚವನ್ನೊಮ್ಮೆ, ಚೆನ್ನಕೇಶವನನ್ನೊಮ್ಮೆ ನೋಡಿದರು. "ಇವರು ಯಾರು?"

"ಇವರೇ ಸಾರ್. ಪವಳಮ್ಮ. ನಮ್ಮತ್ತೆ."

"ಪವಳಮ್ಮ," ಎಂದರು ಸೆಲ್ವರಾಜ್ ನಿಧಾನವಾಗಿ, ಬಾಯಿಗೆ ಹಾಕಿಕೊಂಡ ಮಾತ್ರೆ ಕಹಿಯೋ ಅಲ್ಲವೋ ಎಂದು ನೋಡುವವರ ಹಾಗೆ. ಕುರ್ಚಿ ಎಳೆದು ಕೂತರು.

ಆಗ ಚೆನ್ನಕೇಶವನ ಮೊಬೈಲ್ ಬಡಿದುಕೊಂಡಿತು. ಐದು ಗಂಟೆ. ಮಗ್ಗಿನ ಹೊತ್ತು.

ಅವನು ಅದನ್ನು ಆರಿಸಿದ. ಒಂದು ನಿಮಿಷ ಕಳೆಯಿತು. ಎರಡು ನಿಮಿಷ. ಸೆಲ್ವರಾಜ್ ಏಳುವ ಹಾಗೆ ಕಾಣಲಿಲ್ಲ. ಒಂದು ಮಗ್ಗು ತಪ್ಪಿದರೂ ಸಾಯುತ್ತದೆ ಎಂದಿದ್ದ ಬೆಂಗಳೂರಿನವನು. ಬೆಡ್‌ಶೀಟಿನ ಹಿಂದೆ ಆ ಎರಡು ಬೆರಳು ಮತ್ತೆ ಒಳಗೆ ಹೋಗುತ್ತಿರಬಹುದು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಈ ಕುರ್ಚಿಯ ಮೇಲೆ ಕೂತ ಮನುಷ್ಯನಿಗಾಗಿ ನೀರುಪಾಲಾಗಬೇಕೇ? ಕೆಲಸ ಹೋದರೆ ಹೋಗಲಿ. ಮೆಮೊ ಕೊಟ್ಟರೆ ಕೊಡಲಿ, ಅದನ್ನೂ ಗೋಡೆಗೆ ಅಂಟಿಸುತ್ತೇನೆ!

ಹೋಗಿ ಬೆಡ್‌ಶೀಟನ್ನು ಕಿತ್ತೆಸೆದ. ದೀಪ ಹಾಕಿದ. ಎಲ್ಲರ ಕಣ್ಣ ಮುಂದೆ ಮಗ್ಗು ಎತ್ತಿ ತೊಟ್ಟಿಗೆ ನೀರು ಇಳಿಸುತ್ತ ಗುಡುಗಿದ:

"ಸಾರ್, ಅತ್ತೆಯೂ ಇಲ್ಲ, ಗಿತ್ತೆಯೂ ಇಲ್ಲ! ಇವರು ಪಕ್ಕದ ಮನೆ ಪಾಪಕ್ಕ. ಇವರಿಗೆ ಇರೋದು ಕಾಮಾಲೆ ಅಲ್ಲ, ಸೋಪಿನ ಬಣ್ಣ. ಪವಳಂ ಅಂದ್ರೆ ಇದು, ಈ ಹವಳ! ಇದಕ್ಕೋಸ್ಕರವೇ ರಜಾ ಹಾಕಿದ್ದು. ತಿಂಗಳ ಕೊನೇಲಿ, ಮಾಲೆಲ್ಲಾ ನಿಂತಿರೋವಾಗ, ಅಣಬೆಯಂಥ ಒಂದು ಪ್ರಾಣಿಗೋಸ್ಕರ ರಜಾ ಹಾಕಿದ್ದೀನಿ. ನಂಗೆ ನಾಚಿಕೆ ಇಲ್ಲ. ನಾಳೆಯೂ ಇದಕ್ಕೆ ಹುಷಾರಿಲ್ಲದಿದ್ರೆ ನಾಳೆಯೂ ಹಾಕ್ತೀನಿ. ನೀವು ಏನು ಮಾಡ್ತೀರೋ ಮಾಡಿ!"

ಪಾಪಕ್ಕ ಮೂಸಂಬಿ ಸುಲಿಯುವುದನ್ನು ನಿಲ್ಲಿಸಿದಳು.

"ಅದನ್ನ ಬೆಳಿಗ್ಗೇನೇ ಹೇಳಿದ್ರಲ್ರೀ," ಎಂದರು ಸೆಲ್ವರಾಜ್.

"ಸಾರ್?"

"ಪವಳಂ ಸೀರಿಯಸ್, ನೀರು ಒಗ್ಗಲಿಲ್ಲ, ಮುದುರಿಕೊಂಡಿದೆ. ನೀವೇ ಹೇಳಿದ್ದು. ಪವಳಂ ಅಂದ್ರೆ ಪವಳಂ. ನಂಗೆ ತಮಿಳು ಬರಲ್ವಾ? ನಮ್ಮ ಮನೇಲಿ ಒಂಬತ್ತು ವರ್ಷದಿಂದ ತೊಟ್ಟಿ ಇದೆ. ಆರು ಪವಳಂ ಇದೆ." ಅವರು ಎದ್ದು ತೊಟ್ಟಿಯ ಹತ್ತಿರ ಬಂದು ಟಾರ್ಚು ಬಿಟ್ಟು ಬಗ್ಗಿ ನೋಡಿದರು. ಎಂದೂ ಇಲ್ಲದ ಮೃದುತನ ಅವರ ಮುಖಕ್ಕೆ ಬಂದಿತ್ತು. "ಒಳ್ಳೇ ಚಿಕಿತ್ಸೆ ಮಾಡಿದ್ದೀರಿ. ಬದುಕುತ್ತೆ."

ಚೆನ್ನಕೇಶವ ಮಗ್ಗನ್ನು ಕೆಳಗಿಟ್ಟು ಅವರಿಗೆ ಜಾಗ ಬಿಟ್ಟ.

"ಮೂವತ್ತೊಂದು ವರ್ಷ ಸರ್ವೀಸು," ಎಂದರು ಸೆಲ್ವರಾಜ್, ಬೆನ್ನು ನೆಟ್ಟಗೆ ಮಾಡುತ್ತ. "ರಜಾ ಬೇಕು ಅಂದ್ರೆ ಒಬ್ಬೊಬ್ಬನೂ ಅಜ್ಜೀನ ನಾಲ್ಕು ನಾಲ್ಕು ಸಲ ಸಾಯಿಸಿದ್ದಾನೆ. ಅತ್ತೆ, ಚಿಕ್ಕಮ್ಮ, ಭಾವ, ಯಾರನ್ನೂ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಮೊದಲನೇ ಸಲ ಒಬ್ಬ ಮನುಷ್ಯ ಯಾರನ್ನೂ ಮಲಗಿಸದೆ, ನಿಜ ಹೇಳಿ ರಜಾ ಕೇಳಿದ. ಅಂಥವನನ್ನ ಅವನ ಮನೇಲೇ ಹೋಗಿ ನೋಡ್ಬೇಕು ಅಂತ ಬಂದೆ." ಅವರು ಮಂಚದ ಕಡೆ ತಿರುಗಿದರು. ಪಾಪಕ್ಕ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡಳು. "ನೋಡಿದೆ."

ಚೆನ್ನಕೇಶವ ಮುನೀಂದ್ರನನ್ನು ಹುಡುಕಿದ. ಮುನೀಂದ್ರ ಹಾರ್ಲಿಕ್ಸ್ ಬಾಟಲಿಯ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

"ರಜಾ ಕ್ಯಾನ್ಸಲ್. ತಿಂಗಳು ಮುಗಿಯೋವರೆಗೂ ದಿನಾ ಎರಡು ಶಿಫ್ಟ್. ಇವತ್ತಿಂದಾನೇ. ಹತ್ತಿ ವ್ಯಾನು."

"ಸಾರ್, ಇನ್ನೂ ಒಂದು ಮಗ್ಗು ಬಾಕಿ ಇದೆ. ಹವಳಾನ ಯಾರು ನೋಡ್ಕೋತಾರೆ?"

"ಅದರ ತಪ್ಪೇನಿದೆ? ನಾನು ನೋಡ್ಕೋತೀನಿ," ಎಂದು ಸೆಲ್ವರಾಜ್ ಬಕೆಟ್ಟಿಗೆ ತೊಟ್ಟಿಯ ನೀರನ್ನೇ ತುಂಬಿ, ಹವಳವನ್ನು ಕಲ್ಲಿನ ಸಮೇತ ಎರಡು ಕೈಯಲ್ಲಿ ಎತ್ತಿ ಒಳಗಿಟ್ಟರು. "ಎರಡು ಶಿಫ್ಟ್ ಮಾಡೋ ಮನೇಲಿ ಇದು ಬದುಕಲ್ಲ. ನಮ್ಮ ಮನೇಲಿರಲಿ. ನೀವು ನಿಮ್ಮ ಅತ್ತೇನ ನೋಡ್ಕೊಳ್ಳಿ."

"ಇದನ್ನ ಮಾತ್ರ ಕೊಡಲ್ಲ ಸಾರ್!" ಎಂದು ಚೆನ್ನಕೇಶವ ಬಕೆಟ್ಟಿನ ಹಿಡಿ ಹಿಡಿದ. ಸೆಲ್ವರಾಜ್ ಇನ್ನೊಂದು ಕಡೆ ಹಿಡಿದರು. ನೀರು ತುಳುಕಿತು. ಹವಳ ಇದ್ದ ಎರಡು ಬೆರಳನ್ನೂ ಒಳಗೆ ಎಳೆದುಕೊಂಡಿತು. ಅದನ್ನು ಕಂಡು ಚೆನ್ನಕೇಶವನೇ ಕೈ ಬಿಟ್ಟ. ಅವನ ಹಟವೆಲ್ಲ ಅದರ ಜೀವಕ್ಕಾಗಿ ತಾನೇ? ಅದನ್ನೇ ಎಳೆದಾಡಿ ಸಾಯಿಸುವುದು ಅವನಿಂದ ಆಗಲಿಲ್ಲ.

ಅವರು ಬಕೆಟ್ ಹಿಡಿದು ಹೊಸ್ತಿಲು ದಾಟುವುದಕ್ಕೂ ಒಂದು ಆಟೋ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಅದರಿಂದ ಕಲ್ಪನ ಇಳಿದಳು. ಅಮ್ಮ, ಅತ್ತಿಗೆಯರ ಆ ದಿನದ ಜಗಳದಲ್ಲಿ ಅತ್ತು ಅವಳ ಕಣ್ಣು ಊದಿತ್ತು. ಅವಳ ಹಿಂದೆ, ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು ಹಿಡಿದು, ಕಾಂತಮ್ಮ ಇಳಿದಳು.

"ರೀ, ಏನ್ರೀ ಇದು? ರೈಲಲ್ಲಿ ಎರಡನೇ ಶಿಫ್ಟಿಗೆ ಬರ್ತಿದ್ದ ನಿಮ್ಮ ಫ್ಯಾಕ್ಟರಿಯೋರು ಒಬ್ಬರಾದ್ಮೇಲೆ ಒಬ್ಬರು ಬಂದು ಸಮಾಧಾನ ಹೇಳಿದ್ರು. ಮುನೀಂದ್ರ ಎಲ್ಲರಿಗೂ ಫೋನ್ ಮಾಡಿದ್ನಂತೆ. ನಿಮ್ಮತ್ತೆಗೆ ಸೀರಿಯಸ್ಸಂತೆ, ನಮ್ಮನೇಲೇ ಮಲಗಿಸಿದ್ದೀರಂತೆ. ನೀವೇ ನೀರಲ್ಲಿ ಮುಳುಗಿಸಿ, ತಲೆ ಕತ್ತರಿಸ್ತೀನಿ ಅಂದ್ರಂತೆ! ನಿಮ್ಮತ್ತೆ ಅಂದ್ರೆ ನಮ್ಮಮ್ಮ ತಾನೇ? ಅವಳು ನನ್ನ ಪಕ್ಕದಲ್ಲೇ ಕೂತು ಕಡ್ಲೆಕಾಯಿ ತಿಂತಾ ಇದ್ಳು!"

ಕಾಂತಮ್ಮ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಇಣುಕಿದಳು. ಖಾಲಿ ತೊಟ್ಟಿ ಕಂಡಿತು. ಅದರ ಪಕ್ಕದ ಮಂಚದ ಮೇಲೆ ತನ್ನ ಪಾಲಿನ ಮೂಸಂಬಿ ತಿನ್ನುತ್ತ ಮಲಗಿದ್ದ ಪಾಪಕ್ಕ ಕಂಡಳು.

"ಅತ್ತೇ," ಎಂದು ಚೆನ್ನಕೇಶವ ಶುರು ಮಾಡಿದ, "ಹವಳ ಸತ್ತಿಲ್ಲ! ಬೇಕಾದರೆ ಬಕೆಟ್ ನೋಡಿ. ಒಪ್ಪಂದ ಒಪ್ಪಂದವೇ, ತೊಟ್ಟಿ ಇದ್ದ ಜಾಗದಲ್ಲೇ ಇರುತ್ತೆ!"

"ಇರ್ಲಿ ಬುಡಪ್ಪಾ, ನಿನ್ನ ತೊಟ್ಟಿ ಯಾರಿಗ್ ಬೇಕು," ಎಂದಳು ಕಾಂತಮ್ಮ. "ಬಂಗಾರಪೇಟೆಯಿಂದ ಮಾರಿಕುಪ್ಪಂ ಟೇಸನ್‌ವರೆಗೂ ನಾನು ಇಲ್ಲಿಗೆ ಸಾಯಾಕೆ ಬಂದಿದೀನಿ ಅಂತ ಡಂಗೂರ ಒಡ್ಸಿದ್ದೀಯ. ಇನ್ನು ನಾನು ವಾಪಸ್ ಓದ್ರೆ ಜನ ನಿನ್ನ ಏನಂತಾರೆ? ಸಾಯೋಗಂಟ ಇಲ್ಲೇ ಇರ್ತೀನಿ."

ಅವಳು ದಿಂಬು ಹಿಡಿದು ಒಳಗೆ ನಡೆದಳು. ಪಾಪಕ್ಕ ಮಂಚದಿಂದ ಇಳಿಯಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ವ್ಯಾನಿನ ಮುಂದಿನ ಸೀಟಿನಲ್ಲಿ ಬಕೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸೆಲ್ವರಾಜ್, ಎರಡನೆಯ ಶಿಫ್ಟಿಗೆ ಹೊತ್ತಾಯಿತೆಂದು ಹಾರ್ನ್ ಬಾರಿಸಿದರು.